ಎತ್ತಿದ ಕಸ, ತಪ್ಪಿದ ಲೆಕ್ಕ

ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ನೆಯ ಸಾಲಿನ ಘನತ್ಯಾಜ್ಯ ವರದಿಯನ್ನು ಓದಿದವರು ಅದರ ನಿಖರತೆಗೆ ಬೆರಗಾಗದೆ ಇರಲಾರರು. ದೇಶದಲ್ಲಿ ದಿನವೊಂದಕ್ಕೆ ಹುಟ್ಟುವ ಕಸ 1,60,038.9 ಟನ್. ಸಂಗ್ರಹವಾದದ್ದು 1,52,749.5 ಟನ್. ಸಂಸ್ಕರಣೆಗೊಂಡದ್ದು 79,956.3, ಭೂಭರ್ತಿಗೆ ಹೋದದ್ದು 29,427.2. ದಶಮಾಂಶ ಬಿಂದುವಿನಾಚೆಗೂ, ಅಂದರೆ ಕ್ವಿಂಟಲಿನವರೆಗೂ ಇಳಿದು ಹೇಳಿದ ಲೆಕ್ಕ! ಉಳಿದ 50,655.4 ಟನ್ ಏನಾಯಿತು? ಲೆಕ್ಕಕ್ಕೆ ಸಿಕ್ಕಿಲ್ಲವೆಂದು ವರದಿಯೇ ಹೇಳುತ್ತದೆ. ಎತ್ತದೆ ಬೀದಿಯಲ್ಲೇ ಬಿಟ್ಟ ಕಸವನ್ನು ಇದರಲ್ಲಿ ಕಳೆಯೋಣ. ಆಗಲೂ, ಎತ್ತಿದ್ದೇವೆಂದು ಬರೆದುಕೊಂಡ ಕಸದಲ್ಲೇ ನಿತ್ಯ 43,366 ಟನ್ ಕಾಣೆಯಾಗುತ್ತದೆ. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ, ಪ್ರತಿದಿನ ನಾಲ್ಕು ಸಾವಿರಕ್ಕೂ ಮಿಕ್ಕ ಲಾರಿಗಳು ಹೊರಟು ಎಲ್ಲಿಗೂ ತಲುಪದಂತೆ!

ಕಾಣೆಯಾದುದನ್ನು ಒಪ್ಪಿಕೊಂಡದ್ದು ಪ್ರಾಮಾಣಿಕತೆಯೇ ಸರಿ. ನನ್ನ ತಕರಾರು ಇರುವುದು ಮೊದಲನೆಯ ಅಂಕಿಯ ಬಗ್ಗೆ. ಅದನ್ನು ತೂಗಿದವರು ಯಾರು?

2014ರಲ್ಲಿ ಯೋಜನಾ ಆಯೋಗದ ಕಾರ್ಯಪಡೆಯೊಂದು, ಡಾ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯಲ್ಲಿ, ನಗರವಾಸಿಗಳಾದ 37.7 ಕೋಟಿ ಜನರಿಂದ ವರ್ಷಕ್ಕೆ 6.2 ಕೋಟಿ ಟನ್ ಕಸವೆಂದು ಅಂದಾಜು ಮಾಡಿತು. ಭಾಗಿಸಿ ನೋಡಿದರೆ ತಲೆಗೆ ದಿನಕ್ಕೆ 450 ಗ್ರಾಂ ಬರುತ್ತದೆ. ಇದು ತಕ್ಕಡಿಯಿಂದಲ್ಲ, ಗುಣಾಕಾರದಿಂದ ಹುಟ್ಟಿದ ಸಂಖ್ಯೆ. ತಜ್ಞರು ಅಂದಾಜನ್ನು ಅಂದಾಜೆಂದೇ ಕರೆದರು, ಅದರಲ್ಲಿ ದೋಷವಿಲ್ಲ. ಆದರೆ 2016ರಲ್ಲಿ ಘನತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಪ್ರಕಟಿಸುವಾಗ ಪರಿಸರ ಸಚಿವಾಲಯವು ಅದೇ 6.2 ಕೋಟಿಯನ್ನು ವಾಸ್ತವವೆಂಬಂತೆ ನುಡಿಯಿತು. ಮೇಲೆ ಹೇಳಿದ 2020-21ರ ಅಂಕಿಯನ್ನು ವರ್ಷಕ್ಕೆ ಹೆಚ್ಚಿಸಿದರೆ ಬರುವುದು 5.84 ಕೋಟಿ. ಊರುಗಳು ಬೆಳೆದವು, ಕಸ ಮಾತ್ರ ಕರಗಿತೇ? ಗುಣಿಸುವುದಕ್ಕೂ ಹೊಸ ಆಧಾರವಿರಲಿಲ್ಲ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲೇ ಇಲ್ಲ.

ಸರಕಾರಿ ಕಡತಗಳ ನಡುವೆ ಮೂರು ದಶಕ ಕಳೆದವನಾಗಿ ಈ ಸಂಖ್ಯೆಗಳ ಹುಟ್ಟನ್ನು ಬಲ್ಲೆ. ವೇಬ್ರಿಜ್ ಇಲ್ಲದ ಸಣ್ಣ ಪುರಸಭೆಯಲ್ಲಿ ಗಾಡಿಗಳ ಸುತ್ತುಗಳನ್ನು ಎಣಿಸಿ, ಗಾಡಿಯ ಸಾಮರ್ಥ್ಯದಿಂದ ಗುಣಿಸುತ್ತಾರೆ. ಗಾಡಿ ಅರ್ಧ ತುಂಬಿತ್ತೇ, ಆಷಾಢದ ಮಳೆಗೆ ನೆನೆದ ಕಸವೇ ಎಂಬುದು ಯಾರಿಗೂ ಬೇಕಿಲ್ಲ. ಅದೂ ಆಗದಿದ್ದರೆ ಹಿಂದಿನ ವರ್ಷದ ಅಂಕಿಗೆ ನೂರಕ್ಕೆ ಐದನ್ನು ಸೇರಿಸಿ ಕಳಿಸುತ್ತಾರೆ. ಕೆಳಗಿನ ಹಾಳೆಯಲ್ಲಿ ‘ಸುಮಾರು’ ಎಂದಿದ್ದದ್ದು ಜಿಲ್ಲೆ, ರಾಜ್ಯ, ದೆಹಲಿ ಎಂದು ಮೆಟ್ಟಿಲೇರುತ್ತ ಆ ಒಂದು ಪದವನ್ನು ಕಳಚಿಕೊಂಡು, ಬದಲಿಗೆ ದಶಮಾಂಶ ಬಿಂದುವನ್ನು ತೊಟ್ಟುಕೊಳ್ಳುತ್ತದೆ.

ಆಮಿಷಗಳೂ ಇವೆ. ಟನ್ನಿಗಿಷ್ಟು ಎಂದು ಹಣ ಕೊಡುವ ಕಡೆ ಗುತ್ತಿಗೆದಾರನಿಗೆ ಭಾರವೇ ಲಾಭ; ಕಸದೊಡನೆ ಮಣ್ಣೂ ಕಟ್ಟಡದ ಪುಡಿಯೂ ಲಾರಿ ಏರಬಹುದು. ಸ್ವಚ್ಛತೆಗೆ ಅಂಕ ಕೊಡುವ ಕಡೆ ಸಂಸ್ಕರಣೆಯ ಪ್ರಮಾಣ ಉಬ್ಬುತ್ತದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ನಮ್ಮ ಮೈಸೂರು ಮೊದಲನೆಯದಾದಾಗ ನಾವೆಲ್ಲ ಹಿಗ್ಗಿದೆವು, ಹಿಗ್ಗಬೇಕಾದದ್ದೇ. ಆದರೆ ಪರೀಕ್ಷೆ ಬರೆದವನೇ ತನ್ನ ಅಂಕಪಟ್ಟಿಯ ಒಂದು ಭಾಗವನ್ನು ತುಂಬುವ ಪದ್ಧತಿ ಯಾವ ನಗರಕ್ಕೂ ಗೌರವ ತರುವಂಥದಲ್ಲ.

2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೀಡ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು, ಪರಿಸರಕ್ಕೆ ಸೇರುವ ಪ್ಲಾಸ್ಟಿಕ್ಕಿನಲ್ಲಿ ಭಾರತವೇ ಮೊದಲು, ವರ್ಷಕ್ಕೆ ಸುಮಾರು 93 ಲಕ್ಷ ಟನ್ ಎಂದರು. ನಮ್ಮ ಅಧಿಕೃತ ಅಂಕಿಗಳಲ್ಲಿ ಹಳ್ಳಿಗಳಿಲ್ಲ, ಬಯಲಲ್ಲಿ ಸುಟ್ಟದ್ದಿಲ್ಲ, ಚಿಂದಿ ಆಯುವವರು ಹೆಕ್ಕಿ ಒಯ್ದದ್ದಿಲ್ಲ ಎಂಬುದು ಅವರ ಆಕ್ಷೇಪ. ಅವರದೂ ಗಣಿತದ ಮಾದರಿಯೇ, ತಪ್ಪಿರಬಹುದು. ಆದರೆ ಅಲ್ಲಗಳೆಯಲು ನಮ್ಮ ಕೈಯಲ್ಲಿರುವ ಪುರಾವೆ ಯಾವುದು?

‘ತೂಗುವುದಕ್ಕಿಂತ ಎತ್ತುವುದು ಮುಖ್ಯವಲ್ಲವೇ?’ ಎಂದು ಸಹೋದ್ಯೋಗಿಗಳು ಕೇಳುವುದುಂಟು. ಅಲ್ಲ. ಸಂಸ್ಕರಣಾ ಘಟಕ ಎಷ್ಟು ದೊಡ್ಡದಿರಬೇಕೆಂದು ನಿರ್ಧರಿಸುವುದು ಇದೇ ಅಂಕಿ. ಅದು ಸುಳ್ಳಾದರೆ ಹೆಚ್ಚುವರಿ ಕಸ ಯಾವುದಾದರೂ ಹಳ್ಳಿಯ ತಲೆಯ ಮೇಲೆ ಬೀಳುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತು, ಬೀದಿಗಿಳಿದು ಹೋರಾಡಿ, 2014ರಲ್ಲಿ ಲಾರಿಗಳನ್ನು ನಿಲ್ಲಿಸಿದ ಮಂಡೂರಿನ ಜನರನ್ನು ಕೇಳಿದರೆ ಕಸದ ಲೆಕ್ಕವೆಂದರೇನೆಂದು ಹೇಳಿಯಾರು.

ಐರೋಪ್ಯ ಒಕ್ಕೂಟವು 2002ರಲ್ಲೇ ತ್ಯಾಜ್ಯದ ಅಂಕಿಅಂಶಗಳಿಗೆಂದು ನಿಯಮ ಮಾಡಿ, ಸದಸ್ಯ ರಾಷ್ಟ್ರಗಳು ಅಂಕಿಯ ಜೊತೆಗೆ ಅದರ ಗುಣಮಟ್ಟದ ವರದಿಯನ್ನೂ ಸಲ್ಲಿಸಬೇಕೆಂದು ವಿಧಿಸಿತು. ವಿಶ್ವಸಂಸ್ಥೆಯ ಅಧಿಕೃತ ಅಂಕಿಅಂಶಗಳ ಮೂಲತತ್ತ್ವಗಳನ್ನು ನಮ್ಮ ಸಚಿವ ಸಂಪುಟವೂ 2016ರಲ್ಲಿ ಅಂಗೀಕರಿಸಿದೆ. ಇನ್ನೊಂದು ಸಮಿತಿ ಬೇಡ, ಹೊಸ ಕಾಯಿದೆಯೂ ಬೇಡ. ಎಷ್ಟು ಸ್ಥಳೀಯ ಸಂಸ್ಥೆಗಳು ವರದಿಯನ್ನೇ ಕೊಡಲಿಲ್ಲವೆಂದು ಮೊದಲ ಪುಟದಲ್ಲಿ ಅಚ್ಚಾಗಲಿ. ಪ್ರತಿಯೊಂದು ಊರಿನ ಸಾಲಿನಲ್ಲೂ ಎರಡು ಅಂಕಣಗಳಿರಲಿ: ವೇಬ್ರಿಜ್ ಚೀಟಿಯುಳ್ಳ ಟನ್ನು ಒಂದರಲ್ಲಿ, ಚೀಟಿಯಿಲ್ಲದ್ದು ಇನ್ನೊಂದರಲ್ಲಿ. ಎರಡನೆಯದರ ಮೊತ್ತ ಎಷ್ಟಾಗುವುದೋ, ನೋಡೋಣ.