ಫ್ಯಾಕ್ಟರಿ ಬೇಕು, ಸ್ಥಳೀಯರಿಗೆ ಕೆಲಸ ಬೇಕು, ಕೆಮಿಕಲ್ ಬ್ರಾಂಚ್ ಮಾತ್ರ ಬೇಡವೇ?

ಸಿಇಟಿ ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿ ಶುರುವಾಗುತ್ತೆ. ಪಟ್ಟಿಯ ಮೇಲ್ಭಾಗ ಬಹುತೇಕ ಎಲ್ಲ ಮನೆಗಳಲ್ಲೂ ಒಂದೇ: ಕಂಪ್ಯೂಟರ್ ಸೈನ್ಸ್, ಎಐ, ಡೇಟಾ ಸೈನ್ಸ್, ಎಲೆಕ್ಟ್ರಾನಿಕ್ಸ್. ಸಿವಿಲ್, ಮೆಕ್ಯಾನಿಕಲ್ ಆಮೇಲೆ. ಕೆಮಿಕಲ್ ಇಂಜಿನಿಯರಿಂಗ್ ಇನ್ನೂ ಕೆಳಗೆ. "ಬ್ರಾಂಚ್ ಹೇಗಾದರೂ ಇರಲಿ, ಕಾಲೇಜು ಒಳ್ಳೇದು" ಅಂತ ಸಮಾಧಾನ ಮಾಡಿಕೊಂಡು ಸೇರುವವರೇ ಹೆಚ್ಚು.

ಇದರಲ್ಲಿ ವಿದ್ಯಾರ್ಥಿಗಳದ್ದೇನೂ ತಪ್ಪಿಲ್ಲ. ಸಾಲ ಮಾಡಿ ಓದಿಸುವ ಮನೆಯವರು ಮೊದಲ ಸಂಬಳ ಎಷ್ಟು, ಎಷ್ಟು ಬೇಗ ಅಂತ ಕೇಳೇ ಕೇಳುತ್ತಾರೆ. 2024-25ರಿಂದ ಎಐಸಿಟಿಇ ಒಂದು ಬ್ರಾಂಚ್‌ಗೆ ಇಷ್ಟೇ ಸೀಟು ಎಂಬ ಮೇಲ್ಮಿತಿಯನ್ನೂ ತೆಗೆದುಹಾಕಿತು. ಬೇಡಿಕೆ ಇರುವ ಕಡೆ ಸೀಟು ಹೆಚ್ಚಿಸಿಕೊಳ್ಳಲು ಖಾಸಗಿ ಕಾಲೇಜುಗಳಿಗೆ ದಾರಿ ಸಲೀಸಾಯಿತು. ಪ್ರಯೋಗಾಲಯ, ಪೈಪು, ಬಾಯ್ಲರು ಅಂತ ಖರ್ಚು ಬೇಡುವ ಕೆಮಿಕಲ್ ವಿಭಾಗಕ್ಕಿಂತ ಕಂಪ್ಯೂಟರ್ ಲ್ಯಾಬ್ ನಡೆಸೋದು ಅವರಿಗೆ ಲಾಭ. ಮಾರುಕಟ್ಟೆ ತನ್ನ ಕೆಲಸ ಮಾಡಿತು, ಸರ್ಕಾರ ನೋಡುತ್ತಾ ಕೂತಿತು.

ಅದೇ 2024ರ ಜುಲೈನಲ್ಲಿ ಇನ್ನೊಂದು ನಾಟಕ ನಡೆಯಿತು. ಖಾಸಗಿ ಉದ್ಯಮಗಳ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಮೀಸಲು ಎಂಬ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಐಟಿ ಕಂಪನಿಗಳು ಗುಡುಗಿದ್ದೇ ತಡ, ಮಸೂದೆಯನ್ನು ತಡೆಹಿಡಿಯಿತು. ಅದಕ್ಕೂ ಮುಂಚೆ, 2021ರಲ್ಲಿ, ಮಂಗಳೂರಿನ ಎಂಆರ್‌ಪಿಎಲ್ ನೇಮಕಾತಿಯಲ್ಲಿ ಸ್ಥಳೀಯರನ್ನು ಕಡೆಗಣಿಸಲಾಗಿದೆ ಅಂತ ಕರಾವಳಿಯಲ್ಲಿ ದೊಡ್ಡ ಕೂಗೆದ್ದಿತ್ತು. ಕೂಗು ನ್ಯಾಯವಾದದ್ದೇ. ಆದರೆ ಈ ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿ. ರಿಫೈನರಿಯಲ್ಲಿ ಕೆಲಸ ನಮಗೆ ಬೇಕು, ರಿಫೈನರಿ ನಡೆಸುವ ವಿದ್ಯೆ ಕಲಿಸುವ ಬ್ರಾಂಚ್ ಬಗ್ಗೆ ಮಾತ್ರ ಯಾರಿಗೂ ಚಿಂತೆ ಇಲ್ಲ.

ಕೆಲಸದ ಪ್ರಶ್ನೆ ಇದರ ಅರ್ಧ ಭಾಗ ಅಷ್ಟೇ. ಇನ್ನರ್ಧ ಜೀವದ ಪ್ರಶ್ನೆ.

ಈ ಬ್ರಾಂಚ್‌ನಲ್ಲಿ ಏನು ಕಲಿಸುತ್ತಾರೆ? ಕೆಮಿಸ್ಟ್ರಿ ಅಂತ ಬಹಳ ಜನ ತಿಳಿದಿದ್ದಾರೆ. ಅದು ಸ್ವಲ್ಪ ಮಾತ್ರ. ಒಂದು ಲೀಟರ್ ಫ್ಲಾಸ್ಕ್‌ನಲ್ಲಿ ಶಾಖ ಹುಟ್ಟಿಸುವ ಒಂದು ರಾಸಾಯನಿಕ ಕ್ರಿಯೆ ನಡೆಯುತ್ತಿದೆ ಅಂದುಕೊಳ್ಳಿ. ಹುಟ್ಟಿದ ಶಾಖ ಗಾಜಿನ ಮೈಯಿಂದ ಹೊರಹೋಗುತ್ತೆ, ಏನೂ ಆಗಲ್ಲ. ಅದನ್ನೇ ಸಾವಿರ ಲೀಟರ್ ಟ್ಯಾಂಕ್‌ನಲ್ಲಿ ಮಾಡಿದರೆ ಹುಟ್ಟುವ ಶಾಖ ಸಾವಿರ ಪಟ್ಟು. ಆದರೆ ಟ್ಯಾಂಕಿನ ಮೇಲ್ಮೈ ಹೆಚ್ಚೋದು ನೂರು ಪಟ್ಟು ಮಾತ್ರ. ಅಂದರೆ ಪ್ರತಿ ಲೀಟರ್‌ಗೆ ತಣ್ಣಗಾಗುವ ಅವಕಾಶ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಶಾಖ ಹೊರಹೋಗದಿದ್ದರೆ ಕ್ರಿಯೆ ವೇಗವಾಗುತ್ತೆ, ವೇಗವಾದಷ್ಟೂ ಶಾಖ ಹೆಚ್ಚುತ್ತೆ. ಕೊನೆಗೆ ಟ್ಯಾಂಕ್ ಸಿಡಿಯುತ್ತೆ. ಫ್ಲಾಸ್ಕಿಗೂ ಟ್ಯಾಂಕಿಗೂ ನಡುವಿನ ಈ ಅಂತರವನ್ನು ನಿಭಾಯಿಸೋದೇ ಕೆಮಿಕಲ್ ಇಂಜಿನಿಯರಿಂಗ್.

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ ಆಗಿದ್ದು ಇಂಥದ್ದೇ. ಲಾಕ್‌ಡೌನ್ ವೇಳೆ ಟ್ಯಾಂಕಿನಲ್ಲೇ ಉಳಿದಿದ್ದ ಸ್ಟೈರೀನ್ ತಂತಾನೇ ಬಿಸಿಯಾಗಿ ಆವಿ ಊರಿನ ಮೇಲೆ ಹರಡಿತು. ಮಲಗಿದ್ದವರೂ ಸೇರಿ ಹತ್ತಕ್ಕೂ ಹೆಚ್ಚು ಜನ ಸತ್ತರು. 2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನ ಸಿಗಾಚಿ ಕಾರ್ಖಾನೆ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಮಂದಿ ಹೋದರು. ಅವರಲ್ಲಿ ಹೊಟ್ಟೆಪಾಡಿಗೆ ಬೇರೆ ರಾಜ್ಯಗಳಿಂದ ಬಂದವರೇ ಬಹಳ. ಎರಡೇ ವಾರ ಕಳೆಯುವಷ್ಟರಲ್ಲಿ ಎಂಆರ್‌ಪಿಎಲ್‌ನಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಸೋರಿ ಇಬ್ಬರು ಕೆಲಸಗಾರರು ಪ್ರಾಣ ಬಿಟ್ಟರು.

ಹಾಗಾದರೆ ಕೆಮಿಕಲ್ ಇಂಜಿನಿಯರುಗಳು ಹೆಚ್ಚಿದ್ದರೆ ದುರಂತ ನಡೆಯುತ್ತಿರಲಿಲ್ಲವಾ? ಅಷ್ಟು ಸುಲಭದ ಉತ್ತರ ಇಲ್ಲ. 1984ರ ಭೋಪಾಲದಲ್ಲೂ ಇಂಜಿನಿಯರುಗಳಿದ್ದರು. ಎಂಐಸಿ ಟ್ಯಾಂಕನ್ನು ತಂಪಾಗಿಡಬೇಕಿದ್ದ ಶೈತ್ಯೀಕರಣ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಫ್ಲೇರ್ ಟವರ್‌ನ ಪೈಪು ರಿಪೇರಿಗೆ ಅಂತ ಕಳಚಿಟ್ಟಿತ್ತು. ಅಲ್ಲಿ ಕೊರತೆ ಇದ್ದದ್ದು ಜ್ಞಾನದ್ದಲ್ಲ, ಜ್ಞಾನ ಇದ್ದವರ ಮಾತಿಗೆ ಬೆಲೆ ಇರಲಿಲ್ಲ. ಖರ್ಚು ಕಡಿತವೇ ಕೊನೆಯ ಮಾತಾಗಿತ್ತು.

ರಾಜಕೀಯ ಬರೋದು ಇಲ್ಲೇ. ಕಂಪನಿಗೆ ಇಂಜಿನಿಯರ್ ಹೇಗೂ ಸಿಗುತ್ತಾನೆ, ಗುಜರಾತಿನಿಂದಲೋ ಮುಂಬೈಯಿಂದಲೋ ಕರೆಸಿಕೊಳ್ಳುತ್ತೆ. ಕಂಪನಿಯನ್ನು ಪ್ರಶ್ನಿಸಬೇಕಾದವರ ಪಕ್ಕದಲ್ಲಿ ಯಾರಿದ್ದಾರೆ? ಕಾರ್ಖಾನೆ ತಪಾಸಣೆ ಮಾಡುವ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಕಾರ್ಮಿಕ ಸಂಘ, ಗ್ರಾಮ ಪಂಚಾಯ್ತಿ, ಕೊನೆಗೆ ನಮ್ಮಂಥ ಪತ್ರಕರ್ತರು, ಇವರೆಲ್ಲರಿಗೂ ಈ ವಿದ್ಯೆ ಗೊತ್ತಿರುವವರು ಬೇಕು.

ಒಂದು ಉದಾಹರಣೆ ಕೊಡ್ತೀನಿ. ಯಾದಗಿರಿಯ ಕಡೇಚೂರಿನಲ್ಲಿ, ಬೀದರ್‌ನ ಕೊಳಾರದಲ್ಲಿ ಫಾರ್ಮಾ, ಕೆಮಿಕಲ್ ಘಟಕಗಳ ದುರ್ವಾಸನೆ, ಕೊಳಕು ನೀರಿನ ಬಗ್ಗೆ ಜನ ದೂರುತ್ತಲೇ ಇದ್ದಾರೆ. ಇಂಥ ದೂರುಗಳಿಗೆ ಘಟಕಗಳ ಸಿದ್ಧ ಉತ್ತರ ಒಂದಿರುತ್ತೆ: "ನಮ್ಮದು ಜೀರೋ ಲಿಕ್ವಿಡ್ ಡಿಸ್ಚಾರ್ಜ್, ಹನಿ ನೀರೂ ಹೊರಗೆ ಬಿಡಲ್ಲ." ಮೊದಲ ವರ್ಷಗಳಲ್ಲೇ ಕಲಿಸುವ ಮಾಸ್ ಬ್ಯಾಲೆನ್ಸ್ ಪಾಠದ ಸಾರ ಇಷ್ಟೇ: ಒಳಗೆ ಹೋದದ್ದು ಹೊರಗೆ ಬರಬೇಕು, ಇಲ್ಲವೇ ಒಳಗೇ ಕೂತಿರಬೇಕು. ಸರಿ, ನೀರನ್ನೆಲ್ಲ ಆವಿ ಮಾಡಿದಿರಿ. ಅದರಲ್ಲಿದ್ದ ಉಪ್ಪು ಎಲ್ಲಿ? ತಿಂಗಳಿಗೆ ಎಷ್ಟು ಟನ್? ಯಾವ ಲಾರಿಯಲ್ಲಿ, ಯಾವ ತ್ಯಾಜ್ಯ ವಿಲೇವಾರಿ ಘಟಕಕ್ಕೆ ಹೋಯಿತು? ರಸೀದಿ ಎಲ್ಲಿ? ಈ ನಾಲ್ಕು ಪ್ರಶ್ನೆ ಕೇಳುವ ಒಬ್ಬ ಹುಡುಗಿ ಆ ಊರಲ್ಲಿದ್ದರೆ ಸಭೆಯ ವರಸೆಯೇ ಬದಲಾಗುತ್ತೆ. "ವಾಸನೆ ಬರುತ್ತೆ ಸಾರ್" ಅನ್ನುವ ಮಾತನ್ನು ಅಧಿಕಾರಿ ಪಕ್ಕಕ್ಕೆ ಸರಿಸಬಲ್ಲ. ಲೆಕ್ಕವನ್ನು ಸರಿಸೋದು ಕಷ್ಟ.

ಕೋಲಾರದ ರೈತರಿಗೆ ಇದು ಗೊತ್ತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಾಗ ವಿಷಯ ಹೈಕೋರ್ಟ್ ಮುಟ್ಟಿತು. ಎರಡನೇ ಹಂತದ ಸಂಸ್ಕರಣೆ ಸಾಕೋ, ಮೂರನೇ ಹಂತವೂ ಬೇಕೋ ಎಂಬ ಜಗಳ ಆಮೇಲೂ ಮುಗಿಯಲಿಲ್ಲ. ನೀರಾವರಿ ರಾಜಕಾರಣದ ನಟ್ಟನಡುವೆ ಕೂತಿರುವ ಶುದ್ಧ ಕೆಮಿಕಲ್ ಇಂಜಿನಿಯರಿಂಗ್ ಪ್ರಶ್ನೆ ಅದು.

ಹಾಗಂತ ಈ ಬ್ರಾಂಚ್‌ಗೆ ಹೂಹಾರ ಹಾಕುವುದೂ ಬೇಡ. ಕೆಲಸ ಬಹಳ ಸಲ ಊರಿಂದ ದೂರ, ಶಿಫ್ಟ್‌ನಲ್ಲಿ, ಐಟಿಗಿಂತ ಕಡಿಮೆ ಸಂಬಳಕ್ಕೆ. ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿಯ ದಾರಿ ತೆರೆದ 2023ರ ರಾಜ್ಯದ ತಿದ್ದುಪಡಿಯೇ ದಿನಕ್ಕೆ 12 ಗಂಟೆ ದುಡಿಸಿಕೊಳ್ಳಲೂ ಅವಕಾಶ ಕೊಟ್ಟಿತ್ತು. ಡಿಗ್ರಿ ಮುಗಿಸಿ ಕೋಡಿಂಗ್ ಕಲಿತು ಐಟಿಗೆ ಹೋಗುವವರನ್ನು ದೂರುವ ಹಕ್ಕು ಇಂಜಿನಿಯರಿಂಗ್ ಓದಿ ಸುದ್ದಿ ಬರೆಯಲು ಬಂದ ನನಗಂತೂ ಇಲ್ಲ. ಪಠ್ಯದ್ದೂ ಒಂದು ಪ್ರಶ್ನೆ ಇದೆ. 2007ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಟಿ2 ಲ್ಯಾಬೊರೇಟರೀಸ್ ಎಂಬ ಸಣ್ಣ ಕಾರ್ಖಾನೆ ಸಿಡಿದು ನಾಲ್ವರು ಸತ್ತರು. ಮಾಲೀಕರಲ್ಲಿ ಒಬ್ಬ ಕೆಮಿಕಲ್ ಇಂಜಿನಿಯರೇ. ಅಲ್ಲಿನ ತನಿಖಾ ಮಂಡಳಿ ಮೇಲೆ ಹೇಳಿದ ಶಾಖದ ಅಪಾಯವನ್ನು ಪದವಿಯಲ್ಲೇ ಕಲಿಸಬೇಕು ಅಂತ ಶಿಫಾರಸು ಮಾಡಿತು. ಪದವಿಗಳಿಗೆ ಮಾನ್ಯತೆ ನೀಡುವ ಸಂಸ್ಥೆ ತನ್ನ ನಿಯಮವನ್ನೇ ತಿದ್ದಿತು. ನಾಲ್ಕು ಸಾವಿಗೆ ಒಂದು ದೇಶದ ಪಠ್ಯ ಬದಲಾಯಿತು. ಭೋಪಾಲ ಕಂಡ ದೇಶದಲ್ಲಿ ಪ್ರಕ್ರಿಯಾ ಸುರಕ್ಷತೆಯನ್ನು ಬೇಕಾದವರು ಓದಿಕೊಳ್ಳಲಿ ಅಂತ ಬಿಡಬಾರದು. ಅದು ಎಲ್ಲ ಕಡೆ ಕಡ್ಡಾಯ ವಿಷಯವಾಗಬೇಕು.

ಉಪದೇಶದಿಂದ ಸೀಟು ತುಂಬಲ್ಲ. ಸರ್ಕಾರದ ಕೈಯಲ್ಲಿ ಮೂರು ಕೆಲಸ ಇವೆ. ಒಂದು, ಸರ್ಕಾರಿ ಕಾಲೇಜುಗಳಲ್ಲಿ, ಅದರಲ್ಲೂ ಕೆಮಿಕಲ್ ಘಟಕಗಳು ಬಂದು ಕೂತಿರುವ ಕಲ್ಯಾಣ ಕರ್ನಾಟಕದಲ್ಲಿ, ಈ ಪದವಿಯನ್ನು ಕಡಿಮೆ ಶುಲ್ಕದಲ್ಲಿ, ವಿದ್ಯಾರ್ಥಿವೇತನದ ಜೊತೆ ಕೊಡುವುದು. ಎರಡು, ಮಾಲಿನ್ಯ ಮಂಡಳಿ ಮತ್ತು ಕಾರ್ಖಾನೆ ಇಲಾಖೆಯ ಖಾಲಿ ಹುದ್ದೆಗಳನ್ನು ಭರ್ತಿ ಮಾಡುವುದು. ಮೂರು, ಜಮೀನು, ನೀರು, ತೆರಿಗೆ ರಿಯಾಯಿತಿ ಪಡೆದ ಕಂಪನಿಗಳಿಗೆ ಆ ಜಿಲ್ಲೆಯ ವಿದ್ಯಾರ್ಥಿಗಳ ತರಬೇತಿಯನ್ನು ಷರತ್ತಾಗಿ ವಿಧಿಸುವುದು. ತಡೆಹಿಡಿದ ಮಸೂದೆಗೆ ಕಾಯದೆಯೂ ಇವನ್ನು ಮಾಡಬಹುದು.

ಆಪ್ಷನ್ ಎಂಟ್ರಿ ಮಾಡುವ 18ರ ಹುಡುಗನ ಹೆಗಲ ಮೇಲೆ ಇಷ್ಟೆಲ್ಲ ಹೊರಿಸಬೇಕಿಲ್ಲ. ಅವನಿಗೆ ಇಷ್ಟ ಇರೋದನ್ನೇ ಓದಲಿ. ಆದರೆ ಮುಂದಿನ ಚುನಾವಣೆಯಲ್ಲಿ ಯಾರಾದರೂ ನಿಮ್ಮ ಜಿಲ್ಲೆಗೆ ಕೈಗಾರಿಕಾ ಪ್ರದೇಶ ತರ್ತೀವಿ ಅಂದರೆ ನೀವು ಕೇಳಿ: ಅಲ್ಲಿ ಕಂಟ್ರೋಲ್ ರೂಮಿನಲ್ಲಿ ಕೂರುವವರು ಯಾರು, ಗೇಟ್ ಹೊರಗೆ ನಿಂತು ಲೆಕ್ಕ ಕೇಳುವವರು ಯಾರು, ಇಬ್ಬರನ್ನೂ ಯಾವ ಕಾಲೇಜಿನಲ್ಲಿ ತಯಾರು ಮಾಡ್ತೀರಿ?