ಗೋ-ಲೈವ್‌ಗೆ ಸಹಿ ಹಾಕಿದವರು ಉತ್ತರಿಸಲಿ

ನಾವು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಬರೆದು, ಟೆಸ್ಟ್ ಮಾಡಿ ಬದುಕುವ ಕನ್ನಡಿಗರು. ಬೀದರ್, ರಾಯಚೂರು, ಕಲಬುರಗಿ ಕಡೆಯಿಂದ ಬಂದು ಗಚ್ಚಿಬೌಲಿ, ಮಾಧಾಪುರದಲ್ಲಿ ನೆಲೆಸಿದವರು. ಅನ್ನ ಕೊಟ್ಟ ಈ ಊರಿನ ಮಕ್ಕಳಿಗೆ ಆದದ್ದನ್ನು ಮರೆಯಲು ನಾವು ಸಿದ್ಧರಿಲ್ಲ.

2019ರ ಏಪ್ರಿಲ್ 18ರಂದು ತೆಲಂಗಾಣ ಇಂಟರ್‌ಮೀಡಿಯಟ್ ಫಲಿತಾಂಶ ಬಂತು. ಫಲಿತಾಂಶ ಸಿದ್ಧಪಡಿಸುವ ಸಾಫ್ಟ್‌ವೇರ್ ಕೆಲಸದ ಗುತ್ತಿಗೆ ಗ್ಲೋಬರೀನಾ ಎಂಬ ಖಾಸಗಿ ಕಂಪನಿಗೆ ಹೋಗಿತ್ತು. ಪರೀಕ್ಷೆ ಬರೆದವರು ಒಂಬತ್ತು ಲಕ್ಷಕ್ಕೂ ಹೆಚ್ಚು. ನಪಾಸಾದವರು ಮೂರು ಲಕ್ಷಕ್ಕೂ ಹೆಚ್ಚು. ಕೂತು ಬರೆದ ಪತ್ರಿಕೆಗೇ ಕೆಲವರಿಗೆ ಗೈರುಹಾಜರಿ ಬಿದ್ದಿತ್ತು. ಮುಂದಿನ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಜೀವ ಕಳೆದುಕೊಂಡರು. ಪ್ರತಿ ಸಾವಿಗೂ ಸಾಫ್ಟ್‌ವೇರೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ನಾಂಪಲ್ಲಿಯ ಇಂಟರ್‌ಮೀಡಿಯಟ್ ಮಂಡಳಿ ಕಚೇರಿಯ ಮುಂದೆ ನೆರೆದ ತಂದೆತಾಯಿಗಳಿಗೆ ಯಾವ ಅಂಕವನ್ನು ನಂಬಬೇಕೆಂದೇ ತಿಳಿಯಲಿಲ್ಲ. ಸರ್ಕಾರ ನೇಮಿಸಿದ ತ್ರಿಸದಸ್ಯ ಸಮಿತಿ ಲೋಪಗಳನ್ನು ಗುರುತಿಸಿತು. ನಪಾಸಾದವರೆಲ್ಲರ ಉತ್ತರಪತ್ರಿಕೆಗಳನ್ನು ಸರ್ಕಾರ ಉಚಿತವಾಗಿ ಮರುಪರಿಶೀಲಿಸಬೇಕಾಯಿತು.

ಒಬ್ಬ ಹುಡುಗಿಗೆ ತೆಲುಗಿನಲ್ಲಿ ಸೊನ್ನೆ ಬಂದಿತ್ತು. ನಿಜವಾದ ಅಂಕ 99. ತಪ್ಪು ತುಂಬಿದ ಮೌಲ್ಯಮಾಪಕಿಗೆ 5,000 ರೂಪಾಯಿ ದಂಡ ಬಿತ್ತು, ಕೆಲಸವೂ ಹೋಯಿತು. ಮೊದಲ ವರ್ಷ ಚೆನ್ನಾಗಿ ಓದಿದವಳ ಹೆಸರಿನೆದುರು ಸೊನ್ನೆ ಕಂಡರೆ ತಡೆದು ನಿಲ್ಲಿಸುವ ಚೆಕ್ ಬರೆಯುವುದು ನಮ್ಮ ಕಸುಬಿನಲ್ಲಿ ದೊಡ್ಡ ಕೆಲಸವೇನಲ್ಲ. ಅದಿಲ್ಲದೆ ಫಲಿತಾಂಶ ಹೊರಬಿಡಲು ಒಪ್ಪಿದವರು ಯಾರು? ದಂಡ ಅವರವರೆಗೆ ಏಕೆ ಏರಲಿಲ್ಲ?

ಮೇಲಿನವರನ್ನು ಕರೆಸಿ ಕೇಳಲು ಆಗದು ಎನ್ನುವಂತಿಲ್ಲ. 2021ರಲ್ಲಿ ಆದಾಯ ತೆರಿಗೆಯ ಹೊಸ ಪೋರ್ಟಲ್ ಕೈಕೊಟ್ಟಾಗ ಹಣಕಾಸು ಸಚಿವೆ ಇನ್ಫೋಸಿಸ್ ಸಿಇಒ ಸಲಿಲ್ ಪರೇಖ್ ಅವರನ್ನೇ ಕರೆಸಿ ಸೆಪ್ಟೆಂಬರ್ 15ರ ಗಡುವು ಕೊಟ್ಟರು. ತೆರಿಗೆದಾರರಿಗೆ ಸಿಕ್ಕ ಈ ಮರ್ಯಾದೆ ಹದಿನೇಳರ ಮಕ್ಕಳಿಗೂ ಸಿಗಬೇಕು.

ಜನರ ಪರೀಕ್ಷೆ, ಪಡಿತರ, ಪಿಂಚಣಿ ಮುಟ್ಟುವ ಯಾವುದೇ ಸಾಫ್ಟ್‌ವೇರ್ ಹಳೆಯ ವ್ಯವಸ್ಥೆಯ ಜೊತೆಜೊತೆಗೆ ಓಡಿ, ಎರಡರ ಲೆಕ್ಕವೂ ತಾಳೆಯಾದ ಮೇಲಷ್ಟೇ ಹೊರಬರಲಿ. ಸಾಫ್ಟ್‌ವೇರನ್ನು ಬಳಕೆಗೆ ಬಿಡಲು ಒಪ್ಪುವ ಗೋ-ಲೈವ್ ಪತ್ರಕ್ಕೆ ಕಂಪನಿಯ ಮುಖ್ಯಸ್ಥರೂ ಇಲಾಖೆಯ ಮುಖ್ಯಸ್ಥರೂ ಸ್ವಂತ ಹೆಸರಿನಲ್ಲಿ ಸಹಿ ಹಾಕಲಿ, ಆ ಪತ್ರ ಜನರಿಗೆ ಸಿಗಲಿ. ಟೆಸ್ಟರ್ 'ಇನ್ನೂ ಆಗಿಲ್ಲ' ಎಂದಮೇಲೂ ಮುಂದೆ ಹೋಗಿ ಎಂದವರ ಹೆಸರು ಕಡತದಲ್ಲಿರಲಿ. ಅನಾಹುತವಾದರೆ ವಿಚಾರಣೆ ಅಲ್ಲಿಂದಲೇ ಶುರುವಾಗಲಿ.

ನಮ್ಮ ಮೇಲೂ ಹೊಣೆಯಿದೆ. ಆಗಿಲ್ಲದ ಕೆಲಸವನ್ನು ಆಯಿತೆಂದು ನಾವು ಬರೆದುಕೊಡುವುದಿಲ್ಲ. ಹಾಗೆ ನಿರಾಕರಿಸಿ ಕೆಲಸ ಕಳೆದುಕೊಂಡವರ ಮನೆ ಬಾಡಿಗೆ, ವಕೀಲರ ಖರ್ಚಿಗೆ ನಾವು ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಹಣ ಕೂಡಿಸುತ್ತೇವೆ. ಮುಂದಿನ ಪರೀಕ್ಷೆಗೆ ಮೊದಲೇ ಮಾಹಿತಿ ಹಕ್ಕಿನಡಿ ಮಂಡಳಿಗೆ ಅರ್ಜಿ ಹಾಕಿ ಕೇಳುತ್ತೇವೆ: ಈ ಸಲದ ಫಲಿತಾಂಶದ ಸಾಫ್ಟ್‌ವೇರನ್ನು ಪರೀಕ್ಷಿಸಿದವರು ಯಾರು, ಸಹಿ ಹಾಕುವವರು ಯಾರು?