ಹಂದಿ ಹೊಡೆಯಲು ಆದೇಶ ಉಂಟು, ತೋಟೆಯ ಲೆಕ್ಕ ಯಾರದ್ದು?

ಕಾಸರಗೋಡು: ರಾತ್ರಿ ಬೆಳಗಾಗುವುದರೊಳಗೆ ಗೆಣಸಿನ ಸಾಲು ಅಡಿಮೇಲು. ಬಾಳೆಯ ಕಂದು ನೆಲಸಮ. ಕಷ್ಟಪಟ್ಟು ನೀರೆರೆದು ಬೆಳೆಸಿದ ಅಡಿಕೆ ಸಸಿಯ ಬುಡದಲ್ಲಿ ಮೊಣಕಾಲುದ್ದದ ಹೊಂಡ. ಎಣ್ಮಕಜೆ, ಬೆಳ್ಳೂರು, ಕಾರಡ್ಕ, ದೇಲಂಪಾಡಿ ಕಡೆಯ ಕೃಷಿಕರಿಗೆ ಕಾಡುಹಂದಿಯ ಕಾಟ ಹೊಸ ಸುದ್ದಿಯಲ್ಲ. ಹೊಡೆಯಲು ಆದೇಶ ಪಡೆಯುವ ದಾರಿಯೂ ಈಗ ಉಂಟು. ಆದರೆ ಆದೇಶ ಕೈಗೆ ಬಂದ ಮೇಲೆ ಕೋವಿಗೆ ಹಾಕುವ ತೋಟೆ ಯಾವುದು, ಅಗ್ಗದ್ದು ಸಾಕೋ, ಅದು ಗುರಿಗೆ ಸರಿಯಾಗಿ ಹೋಗುತ್ತದೋ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ತೋಟದಲ್ಲಿ ಜೀವ ಹೋಗುವುದೋ ಉಳಿಯುವುದೋ ಎಂಬುದು ಎಷ್ಟೋ ಸಲ ಅದರ ಮೇಲೆಯೇ ನಿಂತಿದೆ.

ಕಾನೂನು ಹೇಳುವುದೇನು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಅದನ್ನು ಉಪದ್ರವಕಾರಿ ಪ್ರಾಣಿ ಎಂದು ಘೋಷಿಸಬೇಕೆಂಬ ಕೇರಳದ ಬೇಡಿಕೆಯನ್ನು ಕೇಂದ್ರ ಸರಕಾರ ಒಪ್ಪಲಿಲ್ಲ. ಹಾಗಾಗಿ 2022ರ ಮೇ ತಿಂಗಳಲ್ಲಿ ಕೇರಳ ಸಚಿವ ಸಂಪುಟ ಬೇರೆ ದಾರಿ ಹಿಡಿಯಿತು. ಪಂಚಾಯತು ಅಧ್ಯಕ್ಷರು, ನಗರಸಭೆಯ ಅಧ್ಯಕ್ಷರು, ಮೇಯರ್‌ಗಳಿಗೆ ಗೌರವ ವನ್ಯಜೀವಿ ವಾರ್ಡನ್ ಸ್ಥಾನ ಕೊಟ್ಟು, ಉಪದ್ರವ ಕೊಡುವ ಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರ ನೀಡಿತು. ಮೊದಲು ಒಂದು ವರ್ಷಕ್ಕೆಂದು ಕೊಟ್ಟ ಅಧಿಕಾರವನ್ನು ನಂತರ ವಿಸ್ತರಿಸಲಾಯಿತು. 2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ಇದೇ ಕಾಯ್ದೆಗೆ ರಾಜ್ಯದ ಮಟ್ಟಿನ ತಿದ್ದುಪಡಿ ಮಸೂದೆಯನ್ನೂ ಅಂಗೀಕರಿಸಿತು.

ಆದರೆ ಷರತ್ತು ಗಟ್ಟಿ. ವಿಷ ಇಡುವಂತಿಲ್ಲ, ಸ್ಫೋಟಕ ಬಳಸುವಂತಿಲ್ಲ, ವಿದ್ಯುತ್ ಹಾಯಿಸುವಂತಿಲ್ಲ. ಉಳಿದದ್ದು ಪರವಾನಿಗೆ ಇದ್ದವರ ಕೋವಿ ಒಂದೇ. ಸತ್ತ ಹಂದಿಯನ್ನು ಕ್ರಮಪ್ರಕಾರ ಹೂಳಬೇಕು, ಮಾಂಸ ಮಾಡುವ ಹಾಗಿಲ್ಲ. ಅಂದರೆ ಇಡೀ ವ್ಯವಸ್ಥೆಯ ಭಾರ ಕೊನೆಗೆ ಬಂದು ಬೀಳುವುದು ಆ ಒಂದು ತೋಟೆಯ ಮೇಲೆ.

ಅಂಗಡಿಯಲ್ಲಿ ಸಿಗುವುದು

ಗಡಿನಾಡಿನ ಕೃಷಿಕರ ಮನೆಗಳಲ್ಲಿರುವುದು ಹೆಚ್ಚಾಗಿ ಹನ್ನೆರಡು ಬೋರಿನ ತೋಟೆ ಕೋವಿ, ಇಲ್ಲವೇ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ರೈಫಲ್ ಇರುವವರು ವಿರಳ. ಬೆಳೆ ರಕ್ಷಣೆಗೆ ಸಾಮಾನ್ಯವಾಗಿ ಕೇಪಿನ ಕೋವಿ, ಅದು ಸಾಲದು ಎಂದು ಮನವರಿಕೆಯಾದರೆ ಮಾತ್ರ ಬೇರೆ ನಯನಳಿಗೆಯ ಕೋವಿ ಎಂಬುದು 1959ರ ಆಯುಧ ಕಾಯ್ದೆಯ ಲೆಕ್ಕ.

ಹನ್ನೆರಡು ಬೋರಿಗೆ ಕೈಗೆಟಕುವ ಬೆಲೆಯ ತೋಟೆ ಎಂದರೆ ಪುಣೆ ಬಳಿಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್. 1869ರಲ್ಲಿ ಶುರುವಾದ ಆ ಕಾರ್ಖಾನೆ 2021ರ ಅಕ್ಟೋಬರ್ 1ರಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರಕಾರಿ ಕಂಪೆನಿಯ ಕೈಕೆಳಗಿದೆ. ವಿದೇಶಿ ತೋಟೆ ತರಿಸುವ ಅವಕಾಶ ಹೆಸರಾಂತ ಶೂಟಿಂಗ್ ಕ್ರೀಡಾಪಟುಗಳಿಗೆ ಉಂಟು, ಸಾಮಾನ್ಯ ಕೃಷಿಕನಿಗೆ ಅದು ದೂರದ ಮಾತು. ಹಾಗಿರುವಾಗ ‘ಒಳ್ಳೇದು ಯಾವುದು’ ಎಂದು ಕೇಳಿ ಪ್ರಯೋಜನವಿಲ್ಲ. ಸಿಗುವುದನ್ನು ಸರಿಯಾಗಿ ಆರಿಸಿಕೊಳ್ಳುವುದು ಹೇಗೆ ಎಂಬುದೇ ಪ್ರಶ್ನೆ.

ಅಗ್ಗದ್ದಾದರೆ ಗುರಿ ತಪ್ಪುತ್ತದೆಯೇ?

ಉತ್ತರ: ತೋಟದ ದೂರಕ್ಕೆ ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ. ತಪ್ಪುವುದು ಬೇರೆ ಕಾರಣಕ್ಕೆ.

ಮೊದಲ ಕಾರಣ ಚರೆಯ ಆಯ್ಕೆ. ತೋಟೆಯ ಮೇಲೆ ಎಲ್‌ಜಿ, ಎಸ್‌ಜಿ, ಬಿಬಿ, 4 ಎಂದೆಲ್ಲ ಬರೆದಿರುತ್ತದೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಸೀಸಕ್ಕೆ ಎಲ್‌ಜಿಯಾದರೆ 6 ಚರೆ, ಎಸ್‌ಜಿಯಾದರೆ 8, ಬಿಬಿಯಾದರೆ 70, 4ನೇ ನಂಬ್ರವಾದರೆ 170. ಚರೆ ಹೆಚ್ಚಿದ್ದರೆ ತಾಗುವ ಸಂಭವ ಹೆಚ್ಚಲ್ವಾ ಎಂದು ಕೆಲವರ ಎಣಿಕೆ. ತಾಗುವುದೇನೋ ಹೌದು, ಆದರೆ ಹಂದಿಯ ದಪ್ಪ ಚರ್ಮ, ಭುಜದ ಗಟ್ಟಿ ಮಾಂಸ ದಾಟಿ ಒಳಗೆ ಹೋಗಬೇಕಲ್ಲ! ಸಣ್ಣ ಚರೆ ಹಂದಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡಿ ಬಿಡುತ್ತದೆ. ಗಾಯಗೊಂಡ ಹಂದಿ ಪೊದೆಯಲ್ಲಿ ಕೂತಿದ್ದು, ಬೆಳಿಗ್ಗೆ ಸೋಗೆ ಹೆಕ್ಕಲು ಬಂದವರ ಮೇಲೆ ಎರಗಿದರೆ ಹೊಣೆ ಯಾರು?

ಎರಡನೆಯದು ದೂರ. ಚೋಕ್ ಇಲ್ಲದ ನಳಿಗೆಯಿಂದ ಹೊರಟ ಚರೆ ಗಜಕ್ಕೆ ಹೆಚ್ಚುಕಡಿಮೆ ಒಂದಿಂಚಿನಂತೆ ಹರಡುತ್ತದೆ ಎಂಬುದು ಹಳೆಯ ಅಂದಾಜು. 20 ಗಜದಲ್ಲಿ 20 ಇಂಚು ಅಗಲ, 40 ಗಜದಲ್ಲಿ 40 ಇಂಚು. ಅಗಲ ದುಪ್ಪಟ್ಟಾದರೆ ಜಾಗ ನಾಲ್ಕು ಪಟ್ಟು. ಹಂದಿಯ ಮುಂಗಾಲಿನ ಹಿಂದೆ, ಹೃದಯ ಮತ್ತು ಶ್ವಾಸಕೋಶ ಇರುವ ಜಾಗವೋ ಒಂದು ಗೇಣಿನಷ್ಟು. ಆರೆಂಟು ಚರೆ 40 ಗಜದಲ್ಲಿ ಚದುರಿದರೆ ಆ ಗೇಣಿನೊಳಗೆ ಒಂದು ಬಿದ್ದರೂ ಅದೃಷ್ಟ. 20-25 ಗಜದೊಳಗಾದರೆ ಅದೇ ಅಗ್ಗದ ತೋಟೆ ಕೆಲಸ ಮಾಡುತ್ತದೆ.

ರೈಫಲಿನ ಕಥೆ ಬೇರೆ. ನಮ್ಮ ದೇಶದ .315 ರೈಫಲ್ ಮತ್ತು ಅದರ ಕಾರ್ಖಾನೆ ತೋಟೆ 100 ಗಜದಲ್ಲಿ ನಾಲ್ಕಿಂಚಿನ ಸುತ್ತಳತೆಯೊಳಗೆ ಗುಂಡು ಕೂರಿಸಿದರೂ, 50 ಗಜಕ್ಕೆ ಅದು ಎರಡಿಂಚು ಮಾತ್ರ. ಹಂದಿಗೆ ಧಾರಾಳ ಸಾಕು. ಸ್ಪರ್ಧೆಯ ತೋಟೆಗೆ ಹಣ ಸುರಿಯುವ ಅಗತ್ಯವಿಲ್ಲ. ಆದರೆ ತಪ್ಪಿದ ರೈಫಲ್ ಗುಂಡು ಕಿಲೋಮೀಟರಿಗಿಂತಲೂ ದೂರ ಹೋದೀತು. ತೋಟಕ್ಕೊಂದು ಮನೆ, ಮನೆಗೊಂದು ದಾರಿ ಇರುವ ನಮ್ಮ ಊರುಗಳಲ್ಲಿ ಹಿಂದೆ ಮಣ್ಣಿನ ಗುಡ್ಡ ಇಲ್ಲದೆ ಅದನ್ನು ಸಿಡಿಸುವುದು ಅಪಾಯ.

ಅಜ್ಜನ ಕೋವಿ, ಹೊಸ ತೋಟೆ

ಇನ್ನೊಂದು ವಿಷಯಕ್ಕೆ ಎಚ್ಚರ ಬೇಕು. ಅಜ್ಜಂದಿರ ಕಾಲದ ವಿಲಾಯತಿ ಕೋವಿಗಳಲ್ಲಿ ಹಲವಕ್ಕೆ ತೋಟೆ ಕೂರುವ ಗೂಡು ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಈಗಿನ ತೋಟೆ ಸಾಮಾನ್ಯವಾಗಿ 70 ಮಿಲಿಮೀಟರ್. ಈ ಅಳತೆ ಸಿಡಿದ ನಂತರ ಬಾಯಿ ಬಿಚ್ಚಿಕೊಂಡ ತೋಟೆಯದ್ದು. ಸಿಡಿಯುವ ಮೊದಲು ಅದು ಗಿಡ್ಡ, ಹಾಗಾಗಿ 65ರ ಗೂಡಿನಲ್ಲೂ ಸಲೀಸಾಗಿ ಕೂರುತ್ತದೆ. ಕೂತಿತು ಅಂತ ಸರಿಯಾಯಿತು ಎಂದಲ್ಲ. ಸಿಡಿಯುವಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ, ಹಳೆಯ ನಳಿಗೆ ಬಿರಿಯಬಹುದು. ನಳಿಗೆಯ ಮೇಲಿನ ಅಳತೆ ಓದಿಸದೆ ತೋಟೆ ಕೊಳ್ಳಲೇಬಾರದು.

ಮತ್ತೆ ನಮ್ಮ ಮಳೆಗಾಲ. ಅಟ್ಟದಲ್ಲಿಟ್ಟ ತೋಟೆ ತೇವ ಹೀರಿ ಉಬ್ಬುತ್ತದೆ, ಹಿತ್ತಾಳೆಗೆ ಹಸಿರು ಹಿಡಿಯುತ್ತದೆ. ಕುದುರೆ ಎಳೆದಾಗ ಸಿಡಿಯದಿದ್ದರೆ ಕೂಡಲೇ ಕೋವಿ ಮುರಿದು ನೋಡಬಾರದು. ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ‘ಟುಸ್’ ಎಂದು ಸಣ್ಣಗೆ ಸದ್ದಾದರೆ ನಳಿಗೆಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂದೇ ಅರ್ಥ. ಅದನ್ನು ತೆಗೆಯದೆ ಎರಡನೇ ತೋಟೆ ಹಾಕುವುದು ಸಾವನ್ನು ಕರೆದಂತೆ. ಇಲ್ಲಿ ಅಗ್ಗ, ದುಬಾರಿ ಎಂಬ ಭೇದವಿಲ್ಲ. ಒಣಗಿದ ಪೆಟ್ಟಿಗೆಯಲ್ಲಿಟ್ಟ ಅಗ್ಗದ ತೋಟೆ, ಅಟ್ಟದಲ್ಲಿ ನೆನೆದ ದುಬಾರಿ ತೋಟೆಗಿಂತ ಸಾವಿರ ಪಾಲು ಮೇಲು.

ಹಂದಿಗೆ ಗಡಿಯಿಲ್ಲ

ಗಡಿಯ ತೊಡಕು ಬೇರೆಯೇ ಉಂಟು. ದೇಲಂಪಾಡಿಯ ಆಚೆ ಸುಳ್ಯ, ಎಣ್ಮಕಜೆಯ ಆಚೆ ಪುತ್ತೂರು. ಎರಡೂ ಕಡೆ ಜಾಗ, ನೆಂಟಸ್ತಿಕೆ ಇರುವ ಕುಟುಂಬಗಳು ಎಷ್ಟೋ. ಹಂದಿ ರಾತ್ರಿ ಆಚೆ ಮೇದು ಹಗಲು ಈಚೆ ಮಲಗುತ್ತದೆ. ಆದರೆ ಕೇರಳದ ಪಂಚಾಯತು ಅಧ್ಯಕ್ಷರ ಆದೇಶ ಗಡಿಕಲ್ಲಿನಲ್ಲಿ ಮುಗಿಯುತ್ತದೆ. ಪರವಾನಿಗೆಯಲ್ಲಿ ವ್ಯಾಪ್ತಿ ಕೇರಳ ಎಂದಷ್ಟೇ ಬರೆದಿದ್ದರೆ ಕೋವಿ, ತೋಟೆ ಹಿಡಿದು ಆಚೆ ಕಾಲಿಟ್ಟರೆ ಕೇಸು. ತೋಟೆ ಕೊಳ್ಳಲು ಹತ್ತಿರದ ಪೇಟೆ ಆಚೆ ಇದ್ದರೂ ಮೊದಲು ಪುಸ್ತಕದಲ್ಲಿ ವ್ಯಾಪ್ತಿಯ ಕಾಲಂ ನೋಡಿಕೊಳ್ಳಬೇಕು. ವರ್ಷಕ್ಕೆ ಎಷ್ಟು ತೋಟೆ, ಒಮ್ಮೆಗೆ ಕೈಯಲ್ಲಿ ಎಷ್ಟು ಎಂಬುದೂ ಅದರಲ್ಲೇ ಇರುತ್ತದೆ.

ಆಗಬೇಕಾದದ್ದು

ಈ ಮಿತಿಯಿಂದಾಗಿಯೇ ಯಾರೂ ತೋಟೆ ಪರೀಕ್ಷಿಸಿ ನೋಡುವುದಿಲ್ಲ. ಇರುವ ನಾಲ್ಕನ್ನು ಕಾಗದಕ್ಕೆ ಹೊಡೆದು ಖಾಲಿ ಮಾಡುವುದುಂಟೇ ಎಂಬ ಯೋಚನೆ. ಆದರೆ ಪರೀಕ್ಷೆಯಿಲ್ಲದೆ ಕೋವಿಯ ಗುಣ ತಿಳಿಯದು. ಒಂದೇ ಚರೆ ಒಂದು ನಳಿಗೆಯಲ್ಲಿ ಒತ್ತಾಗಿ ಹೋದೀತು, ಇನ್ನೊಂದರಲ್ಲಿ ಚೆಲ್ಲಾಪಿಲ್ಲಿಯಾದೀತು. ದೊಡ್ಡ ಕಾಗದಕ್ಕೆ 15, 20, 25 ಗಜದಿಂದ ಒಂದೊಂದು ಹೊಡೆದು ಚರೆ ಬಿದ್ದ ಗುರುತು ಎಣಿಸಿದರೆ, ತನ್ನ ಕೋವಿ ಎಷ್ಟು ದೂರಕ್ಕೆ ನಂಬಿಗಸ್ಥ ಎಂದು ಯಾರಿಗೂ ಗೊತ್ತಾಗುತ್ತದೆ.

ಇದನ್ನು ಮನೆಯ ಗುಡ್ಡದಲ್ಲಿ ಮಾಡುವಂತಿಲ್ಲ, ಅಂಗೀಕೃತ ಶೂಟಿಂಗ್ ರೇಂಜಿನಲ್ಲೇ ಆಗಬೇಕು. ಜಿಲ್ಲಾಡಳಿತ ಮತ್ತು ಪಂಚಾಯತುಗಳು ಸೇರಿ, ಪಟ್ಟಿಯಲ್ಲಿರುವ ಕೋವಿದಾರರಿಗೆ ವರ್ಷಕ್ಕೊಂದು ದಿನ ರೇಂಜಿನ ವ್ಯವಸ್ಥೆ ಮಾಡಿ, ನಳಿಗೆ, ಗೂಡಿನ ಅಳತೆ ನೋಡಿಸಿ, ಪರೀಕ್ಷೆಯ ತೋಟೆಯ ಖರ್ಚು ವಹಿಸಿಕೊಂಡರೆ ಅದೇನು ದೊಡ್ಡ ಮೊತ್ತವಲ್ಲ. ಒಂದು ಹಂದಿ ಒಂದು ರಾತ್ರಿ ಹಾಳು ಮಾಡುವ ಬಾಳೆ ತೋಟದ ಬೆಲೆ ಅದಕ್ಕಿಂತ ಹೆಚ್ಚು.

ಅಗ್ಗದ ತೋಟೆ ಕೆಟ್ಟದ್ದಲ್ಲ. ಅಳತೆ ನೋಡದೆ, ದೂರ ಅರಿಯದೆ, ನೆನೆದದ್ದನ್ನೇ ತುಂಬಿ ಕತ್ತಲಿಗೆ ಹೊಡೆಯುವುದು ಕೆಟ್ಟದ್ದು. ಆದೇಶಕ್ಕೆ ಸಹಿ ಹಾಕುವವರು ಅದನ್ನು ಹಿಡಿದು ರಾತ್ರಿ ತೋಟಕ್ಕೆ ಇಳಿಯುವವರ ಬಗ್ಗೆಯೂ ಸ್ವಲ್ಪ ಯೋಚಿಸಬೇಡವೇ?